ಅಕ್ಕ ಹೊರಗೆ ನಿಂತು ಓದಲಿಲ್ಲ

ನಾನು ಚಿಕ್ಕವನಿದ್ದಾಗ ನಮ್ಮ ಕೇರಿಗೆ ಪೇಪರ್ ಬರುತ್ತಿದ್ದದ್ದು ಅಪ್ಪನ ಕಂಕುಳಲ್ಲಿ. ಅಪ್ಪ ಯಾದಗಿರಿ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ರೈಲಿನಲ್ಲಿ ಯಾರೋ ಓದಿ ಬಿಟ್ಟುಹೋದ ಪೇಪರ್ ಸಿಕ್ಕಿದರೆ ಮಡಿಚಿ ತರುತ್ತಿದ್ದ. ಅದಕ್ಕೆ ಕಲ್ಲಿದ್ದಲ ಹೊಗೆಯ, ಕಿತ್ತಳೆ ಸಿಪ್ಪೆಯ ವಾಸನೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಏಳನೇ ಕ್ಲಾಸಿನ ಅಕ್ಕ ಓದಿ ಹೇಳುವಾಗ ಅವನು ಬೀಡಿ ಹಚ್ಚುವುದನ್ನೂ ಮರೆತು ಕೇಳುತ್ತಿದ್ದ.

ಒಂದು ಮಳೆಗಾಲ ಭೀಮಾ ನದಿ ಉಕ್ಕಿತು. ಆಚೆ ದಡದ, ಶಹಾಪುರದ ಕಡೆಯ ಊರುಗಳ ಸುದ್ದಿಯೇ ಇಲ್ಲ. ಅಂದು ಸಂಜೆ ಅಪ್ಪನ ಕೈಯಲ್ಲಿ ಪೇಪರ್ ಕಂಡದ್ದೇ ತಡ, ಊರ ಹೋಟೆಲಿನವರು ಅಕ್ಕನನ್ನು ಕರೆಸಿದರು; ಅಲ್ಲಿ ಕೂತವರಲ್ಲಿ ಓದು ಬಲ್ಲವರು ಯಾರೂ ಇರಲಿಲ್ಲ. ಅಪ್ಪ ಅವಳನ್ನು ಕರೆದುಕೊಂಡು ಹೊರಟ, ನಾನೂ ಅವಳ ಲಂಗ ಹಿಡಿದು ಹೋದೆ. ನಾವು ದಲಿತರು. ಆ ಹೋಟೆಲಿನೊಳಗೆ ಕಾಲಿಡುವಂತಿರಲಿಲ್ಲ. ಚಹಾ ಬೇಕೆಂದರೆ ಹೊರಗೆ ನಿಂತು, ನಮಗೆಂದೇ ಇಟ್ಟ ಕಪ್ಪಿನಲ್ಲಿ ಕುಡಿಯಬೇಕಿತ್ತು.

ಹನಿ ಮಳೆ ಬೀಳುತ್ತಿತ್ತು. ಒಳಗೆ ಬೆಂಚುಗಳ ತುಂಬ ಜನ, ಬಿಸಿ ಭಜಿಯ ಘಮ. ಹೋಟೆಲ್ ಮಾಲೀಕ ಅಕ್ಕನಿಗೆ, “ಅಲ್ಲೇ ಅಂಗಳದಾಗ ನಿಂತು ಜೋರಾಗಿ ಓದು” ಅಂದ.

ಅಕ್ಕ ಪೇಪರನ್ನು ಮಡಿಚಿ ಎದೆಗೆ ಒತ್ತಿಕೊಂಡಳು. “ಹೊರಗ ನಿಂತು ಓದಂಗಿಲ್ರಿ. ಕೇಳಬೇಕಂದ್ರ ನಮ್ಮ ಮನಿಗಿ ಬರ್ರಿ.”

“ಎಷ್ಟು ಸೊಕ್ಕು ನಿನಗ!” ಮಾಲೀಕ ಗದರಿದ.

ನನಗೆ ಅಳು ಬಂತು. ಅಪ್ಪನ ಮುಖದಲ್ಲೂ ಹೆದರಿಕೆ ಇತ್ತು. ಆದರೂ ಅವನು ತನ್ನ ಟವೆಲನ್ನು ಅಕ್ಕನ ತಲೆಯ ಮೇಲೆ ಹೊದಿಸಿ, “ನಡಿ ಮಗಳ, ಮನಿಗಿ ಹೋಗಮು” ಅಂದ.

ಕಂದೀಲು ಹಚ್ಚುವ ಹೊತ್ತಿಗೆ ನಮ್ಮ ಅಂಗಳದಲ್ಲಿ ಕೆಮ್ಮು ಕೇಳಿಸಿತು. ಮೇಲಿನ ಓಣಿಯ ಮುದುಕನೊಬ್ಬ ಒದ್ದೆ ಕಂಬಳಿ ಹೊದ್ದು ನಿಂತಿದ್ದ. ಅವನ ಮಗಳನ್ನು ಹೊಳೆಯಾಚೆಯ ಊರೊಂದಕ್ಕೆ ಕೊಟ್ಟಿದ್ದರು. ಅಕ್ಕ ಒಳಗೆ ಕರೆದು ಕೌದಿ ಹಾಸಿದಳು. ಮುದುಕ ಒಂದು ಗಳಿಗೆ ಹೊಸ್ತಿಲನ್ನೇ ನೋಡಿದ. ಆಮೇಲೆ ದಾಟಿ ಬಂದು ಕೂತ.

ಅಕ್ಕ ಬೆರಳಿಟ್ಟು ಹುಡುಕಿದಳು. ಆ ಊರಿನವರನ್ನೆಲ್ಲ ಎತ್ತರದ ಜಾಗಕ್ಕೆ ಕಳಿಸಿದ್ದಾರೆ, ಯಾರಿಗೂ ಏನೂ ಆಗಿಲ್ಲ ಎಂದು ಓದಿದಳು.

“ಇನ್ನೊಮ್ಮಿ ಓದವ್ವಾ.”

ಅಕ್ಕ ಇನ್ನೊಮ್ಮೆ ಓದಿದಳು. ಮುದುಕ ಕಣ್ಣೊರೆಸಿಕೊಂಡು, “ಗಂಟಲು ಒಣಗ್ಯಾದ, ಸ್ವಲ್ಪ ನೀರು ಕೊಡ ತಂಗಿ” ಅಂದ. ನಮ್ಮ ತಂಬಿಗೆಯ ನೀರನ್ನು ಗಟಗಟ ಕುಡಿದ. ಅವ್ವ ಬಾಯಿಗೆ ಸೆರಗು ಹಿಡಿದು ನೋಡುತ್ತಲೇ ನಿಂತಳು.

ಹೋಟೆಲಿನ ಬೇರೆ ಕಪ್ಪುಗಳು ಇನ್ನೂ ಬಹಳ ವರ್ಷ ಹಾಗೇ ಇದ್ದವು. ಆದರೆ ಪೇಪರ್ ಬಂದ ದಿನ ಮೇಲಿನ ಓಣಿಯ ಒಬ್ಬಿಬ್ಬರು ನಮ್ಮ ಮನೆಗೆ ಬಂದು ಕೂರುತ್ತಿದ್ದರು.

ಮಕ್ಕಳೇ, ನೀವೀಗ ಯಾದಗಿರಿಯಲ್ಲಿ ಎಲ್ಲರ ಜೊತೆ ಬೆಂಚಿನ ಮೇಲೆ ಕೂತು ಓದುತ್ತೀರಿ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಶಾಲೆಯಿಂದ ಅಳುತ್ತಾ ಬಂದಳು. ಕ್ಲಾಸಿನಲ್ಲಿ ಕಿಟಕಿ ಪಕ್ಕದ ಜಾಗವನ್ನು ಗೆಳತಿ ಹಿಡಿದುಬಿಟ್ಟಿದ್ದಳಂತೆ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡಿದೆ. ಎಂಥ ಚಂದದ ಅಳು ಅದು ಅಂತ ಮಾತ್ರ ಅವಳಿಗೆ ಹೇಳಲಿಲ್ಲ.