ಕುಸುರೆಳ್ಳಿನ ಹದ

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಕನ್ನಡ ಬಳಗದಲ್ಲಿ ಪಂಚಾಕ್ಷರಿಯ ಹೆಸರೆತ್ತಿದರೆ ಸಾಕು, ಯಾರಾದರೊಬ್ಬರು ನಕ್ಕೇ ನಗುತ್ತಾರೆ. ಬೈಲಹೊಂಗಲದ ಲಿಂಗವಂತರ ಮನೆಯ ಮನುಷ್ಯ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವನಲ್ಲ. ಗ್ಯಾರೇಜಿನಲ್ಲಿ ಜೇಡ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಹುಲ್ಲಿನ ಮೇಲೆ ಬಿಟ್ಟು ಬರುತ್ತಾನೆ. ಅಂಥವನು ಶನಿವಾರ ಬಂತೆಂದರೆ ರೈಫಲ್ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಶೂಟಿಂಗ್ ರೇಂಜಿಗೆ ಹೊರಡುತ್ತಾನೆ.

"ಏನ್ ಸಾರ್, ಈ ಸಲ ಜಿಂಕೆನೋ ಕರಡಿನೋ?" ಎಂದು ಯುಗಾದಿಯ ಊಟದಲ್ಲಿ ಮೈಸೂರಿನ ಪ್ರಸನ್ನ ಕೆಣಕಿದರೆ, "ಕಾಗದಾ ಹೊಡೀತೀನ್ರಿ. ಕಾಗದಕ್ಕ ಜೀವ ಇರಂಗಿಲ್ಲ," ಎಂದು ಹೋಳಿಗೆ ಮುರಿಯುತ್ತಾನೆ.

ನಿಜ ಹೇಳಬೇಕೆಂದರೆ ಅವನ ಹುಚ್ಚು ಗುಂಡು ಹೊಡೆಯುವುದರಲ್ಲಿ ಅಷ್ಟಿಲ್ಲ, ಎರೆಯುವುದರಲ್ಲಿದೆ. ಕಾರಿನ ಬಿಡಿಭಾಗ ಎರಕ ಹೊಯ್ಯುವ ಕಂಪನಿಯಲ್ಲಿ ಅವನು ಎಂಜಿನಿಯರ್. ಕಂಪ್ಯೂಟರ್ ಪರದೆಯ ಮೇಲೆ ಎಷ್ಟೋ ಅಚ್ಚು ಬಿಡಿಸಿದ್ದ, ಆದರೆ ಕರಗಿದ ಲೋಹವನ್ನು ಕೈಯಾರೆ ಒಂದು ಚಮಚೆಯಷ್ಟೂ ಸುರಿದವನಲ್ಲ. ಅದನ್ನು ಕಲಿಸಿದವನು ಹೆರಾಲ್ಡ್, ಅದೇ ಕಂಪನಿಯ ಟೂಲ್‌ರೂಮಿನಲ್ಲಿ ಅಚ್ಚು ಕೊರೆಯುತ್ತಿದ್ದ ಹಿರಿಯ. ನಿವೃತ್ತಿಯ ದಿನ ಪಂಚಾಕ್ಷರಿಯನ್ನು ತನ್ನ ಶೆಡ್ಡಿಗೆ ಕರೆದು, ಸೀಸ ಕರಗಿಸಿ, ಅಚ್ಚಿಗೆ ಸುರಿದು, ಬಡಿದು, ಬೆಳ್ಳಿಯಂತೆ ಹೊಳೆಯುವ ಗುಂಡೊಂದನ್ನು ಬಟ್ಟೆಯ ಮೇಲೆ ಬೀಳಿಸಿದ್ದ. ಅವತ್ತು ಅಂಟಿದ್ದು ಇವತ್ತಿಗೂ ಬಿಟ್ಟಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಹೆರಾಲ್ಡ್ ಮನೆಯಿಂದ ಹೊರಬರುತ್ತಿದ್ದದ್ದೇ ಶನಿವಾರ. ರೇಂಜಿನ ಮುದುಕರ ಗುಂಪಿನಲ್ಲಿ ತಾವೇ ಎರೆದ ಸೀಸದ ಗುಂಡನ್ನಷ್ಟೇ ಹೊಡೆಯುವ ರೂಢಿ. ಅಂಗಡಿಯ ತಾಮ್ರದ ಕವಚದ ಗುಂಡು ತಂದವನನ್ನು ಹೋಟೆಲ್ ಊಟ ತಂದ ಬೀಗರನ್ನು ನೋಡುವಂತೆ ನೋಡುತ್ತಾರೆ. ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಹೆರಾಲ್ಡ್‌ನ ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಗುಂಡು ಹಾರಿದಾಗಿನ ರೈಫಲ್ಲಿನ ಒದೆತ ತಡೆದುಕೊಳ್ಳಲಾಗದಾಯಿತು. ಅದಕ್ಕೆ ನಳಿಗೆಯ ತುದಿಯಲ್ಲಿ ಎರಡು ಸಾಲು ಸಣ್ಣ ತೂತು ಕೊರೆಸಿದ. ಗುಂಡಿನ ಬೆನ್ನು ಹತ್ತಿ ಬರುವ ಬಿಸಿಗಾಳಿ ಆ ತೂತುಗಳಿಂದ ಮೇಲಕ್ಕೆ ಹಾರಿಹೋಗುತ್ತದೆ, ಬಂದೂಕು ನೆಗೆಯುವುದು, ಒದೆಯುವುದು ತಗ್ಗುತ್ತದೆ. ಭುಜವೇನೋ ಉಳಿಯಿತು, ಗುರಿ ಹೋಯಿತು.

ಮೊದಲ ನಾಲ್ಕಾರು ಗುಂಡು ನೆಟ್ಟಗೆ ಹೋಗುತ್ತಿದ್ದವು. ಆಮೇಲಿನವು ಚೆಲ್ಲಾಪಿಲ್ಲಿ.

"ತಪ್ಪು ಬಂದೂಕಿನದ್ದಲ್ಲ ಪಂಚ್, ನನ್ನ ಕೈಯದ್ದು," ಎಂದ ಹೆರಾಲ್ಡ್. "ಕೈ ಹೋಯಿತು. ಕೈ ಹೋದವನು ಬೆಂಚು ಹಿಡಿದು ಕೂರಬಾರದು."

ಮುಂದಿನ ವಾರ ರೇಂಜಿನ ಕ್ಲಬ್ಬಿನ ಬೋರ್ಡಿನ ಮೇಲೆ ಹೆರಾಲ್ಡ್‌ನ ಕೈಬರಹದ ಕಾರ್ಡೊಂದು ಕಾಣಿಸಿತು: ರೈಫಲ್ ಮಾರಾಟಕ್ಕಿದೆ. ಪಂಚಾಕ್ಷರಿ ಅದನ್ನು ಎರಡೆರಡು ಸಲ ಓದಿದ. ಮಾರಿದರೆ ಹೋಗುವುದು ಬಂದೂಕೊಂದೇ ಅಲ್ಲ, ಮುದುಕನ ಶನಿವಾರ. ಶನಿವಾರ ಹೋದರೆ ಅವನಿಗೆ ಉಳಿಯುವುದು ಟಿ.ವಿ. ಮತ್ತು ಕಿಟಕಿ.

"ಮಾರೋ ಮೊದಲು ಒಂದು ಸಲ ಒರೆಸಿ ಕೊಡ್ತೀನಿ, ಕೊಡು," ಎಂದು ರೈಫಲ್ಲನ್ನು ಮನೆಗೆ ತಂದ. ದೀಪದಡಿ ಹಿಡಿದು ನೋಡಿದರೆ, ದೋಸೆ ಹಂಚಿನ ಅಂಚಿಗೆ ಹಿಟ್ಟು ಕಚ್ಚಿದಂತೆ ಪ್ರತಿ ತೂತಿನ ಬಾಯಿಗೂ ಸೀಸ ಕಚ್ಚಿತ್ತು. ಮೆತ್ತಗಿನ ಗುಂಡು ದಾಟುವಾಗ ತೂತಿನ ಅಂಚು ಅದರ ಮೈ ಕೆರೆದುಕೊಳ್ಳುತ್ತಿತ್ತು. ಮೈ ಕೆರೆದ ಗುಂಡು ಓಲಾಡುತ್ತ ಹೋಗುತ್ತಿತ್ತು. ಕಣ್ಣಿಗೆ ಪೊರೆ ಬಂದ ಹೆರಾಲ್ಡ್‌ಗೆ ಇದು ಕಂಡಿರಲಿಲ್ಲ. ಕೈಯದ್ದಲ್ಲ! ಪಂಚಾಕ್ಷರಿಗೆ ಆಗಲೇ ಫೋನ್ ಮಾಡಬೇಕೆನ್ನಿಸಿತು. ಆದರೆ ಬಾಯಿಮಾತಿಗೆ ಒಪ್ಪುವ ಆಸಾಮಿಯೇ ಅವನು? ಹೊಡೆದು ತೋರಿಸಬೇಕು.

ಅಂದಿನಿಂದ ಅದೇ ಕೆಲಸ. ಕೆರೆಯುವುದು, ರೇಂಜಿನಲ್ಲಿ ಹೊಡೆದು ನೋಡುವುದು, ಮತ್ತೆ ಕಚ್ಚಿದ್ದನ್ನು ಕೆರೆಯುವುದು. ಸೀಸ ಗಟ್ಟಿ ಮಾಡಿ ನೋಡಿದ, ಸಿಡಿಮದ್ದು ಕಡಿಮೆ ಮಾಡಿ ನೋಡಿದ. ಪಕ್ಕದಲ್ಲಿ ಹೆಂಡತಿ ಜಯದೇವಿ ಕಟ್ಟಿಕೊಟ್ಟ ಅವಲಕ್ಕಿ ಚೂಡಾದ ಡಬ್ಬಿ. ಎರಡು ತೂತು ಕೆರೆದರೆ ಒಂದು ಮುಷ್ಟಿ ಚೂಡಾ. ಸೀಸ ಮುಟ್ಟಿದವರು ಸೋಪಿನಿಂದ ಕೈ ತೊಳೆಯಬೇಕೆಂದು ರೇಂಜಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಇವನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಉಳಿದ ಮುದುಕರು ಕಾಗದ ಸುತ್ತಿದ ಸ್ಯಾಂಡ್‌ವಿಚ್ ತಿನ್ನುವವರು, ಬಚಾವಾದರು. ಚೂಡಾವನ್ನು ಯಾರಾದರೂ ಚಮಚೆಯಲ್ಲಿ ತಿನ್ನುತ್ತಾರೆಯೇ?

ಡಿಸೆಂಬರಿನಲ್ಲಿ ವರ್ಷದ ತಪಾಸಣೆಯಾಯಿತು. ಬಳಗದ ಡಾಕ್ಟರ್ ಸ್ಮಿತಾ ತಾವೇ ಫೋನ್ ಮಾಡಿದರು.

"ಅಂಕಲ್, ನಿಮ್ಮ ಬ್ಲಡ್‌ನಲ್ಲಿ ಲೆಡ್, ಅಂದ್ರೆ ಸೀಸ, ಜಾಸ್ತಿ ಬಂದಿದೆ. ಎಲ್ಲಿಂದ ಬರ್ತಿದೆ ಅಂತ ಕಂಡುಹಿಡೀಬೇಕು. ಹಳೇ ಪೇಂಟ್‌ನಲ್ಲೂ ಇರುತ್ತೆ, ಅದೇನಾದ್ರೂ ಕೆರೀತಿದೀರಾ?"

ಫೋನು ಸ್ಪೀಕರಿನಲ್ಲಿತ್ತು. ಜಯದೇವಿ ಗ್ಯಾರೇಜಿನ ಕಡೆ ನೋಡಿದಳು, ಗಂಡನ ಉಗುರು ನೋಡಿದಳು. ಫೋನ್ ಇಟ್ಟದ್ದೇ ತಡ ಹರಿಹಾಯ್ದಳು.

"ಲಿಂಗಪೂಜಿಗೆ ಕೂಡೂ ಮುಂದ ಮೊಣಕೈತನಾ ಕೈ ತೊಳಿತೀರಿ. ಹೊಟ್ಟಿಯೊಳಗ ಏನ್ ದೆವ್ವ ಕುಂತೈತೇನ್ರಿ, ಅದಕ್ಕ ಹೊಲಸ ಕೈ ನಡೀತೈತಿ?"

ಪಂಚಾಕ್ಷರಿ ಎರಡೂ ಕೈಗಳನ್ನು ಮೇಜಿನಡಿ ಸರಿಸಿದ. ಮೆಲ್ಲಗೆ ಹೆರಾಲ್ಡ್‌ನ ಕಾರ್ಡಿನ ಸುದ್ದಿ ಹೇಳಿದ.

ಹೆರಾಲ್ಡ್ ಎಂದೊಡನೆ ಜಯದೇವಿ ಮೆತ್ತಗಾದಳು. ಕೋವಿಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಮಲಗಿದ್ದಾಗ ದಿನಾ ಹಾಲು, ತರಕಾರಿ ಬಾಗಿಲಲ್ಲಿಟ್ಟು ಹಾರ್ನ್ ಹೊಡೆದು ಹೋಗುತ್ತಿದ್ದವನು ಅವನು. ಆ ಹಾರ್ನು ಅವಳಿಗೆ ಇನ್ನೂ ಕಿವಿಯಲ್ಲಿದೆ.

"ಬರಿಗೈಲೆ ಸೀಸ ಮುಟ್ಟಲಾರದಂಗ ಏನರ ಮಾಡೂದಿದ್ರ ಮಾಡ್ರಿ. ಇಲ್ಲಾಂದ್ರ ಬಿಡ್ರಿ," ಎಂದಳು.

ಮುಟ್ಟಬಾರದು ಎಂದರೆ ಹೊದಿಸಬೇಕು. ಕಂಪನಿಯಲ್ಲಿ ಬಿಡಿಭಾಗಗಳಿಗೆ ಬಣ್ಣದ ಪುಡಿ ಹಿಡಿಸಿ ಒಲೆಯಲ್ಲಿ ಬೇಯಿಸುವುದನ್ನು ಅವನು ದಿನಾ ನೋಡುತ್ತಿದ್ದ. ಗುಂಡಿಗೂ ಹಾಗೆ ಮಾಡುವವರಿದ್ದಾರೆಂದು ಕೇಳಿ, ಅದೆಲ್ಲ ಹುಡುಗರ ಆಟ ಎಂದು ಮೂಗು ಮುರಿದಿದ್ದ. ಈಗ ಮೂಗು ನೆಟ್ಟಗೆ ಮಾಡಿಕೊಂಡ. ಹಳೆಯ ಟೋಸ್ಟರ್ ಒಲೆಯೊಂದನ್ನು ತಂದು, ಅದು ಎಂದೂ ಅಡುಗೆಮನೆ ಸೇರದೆಂದು ಹೆಂಡತಿಗೆ ಮಾತು ಕೊಟ್ಟು, ಕೈಗವಸು ಹಾಕಿ, ಗ್ಯಾರೇಜಿನ ಬಾಗಿಲು ತೆರೆದಿಟ್ಟು ಕೆಲಸಕ್ಕೆ ನಿಂತ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡು ಸುರಿದ, ಕೆಂಪು ಪುಡಿಯನ್ನು ಧಾರಾಳವಾಗಿ ಹಾಕಿದ, ಅಲ್ಲಾಡಿಸಿದ, ಬೇಯಿಸಿದ. ನೋಡಲಿಕ್ಕೇನೋ ಭರ್ಜರಿ. ಅಳತೆಗೆ ತರುವ ಉಂಗುರದೊಳಗೆ ಒತ್ತಿದ್ದೇ ತಡ, ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ಎರಡನೆಯ ಸಲವೂ ಅದೇ ಗತಿ. ಅಷ್ಟರಲ್ಲಿ ಕೊಳ್ಳುವವನೊಬ್ಬ ಸಿಕ್ಕಿದ್ದಾನೆ, ಸಂಕ್ರಾಂತಿಯ ಮುಂದಿನ ವಾರದ ಮಂಗಳವಾರ ಬರುತ್ತಾನೆ ಎಂದು ಹೆರಾಲ್ಡ್‌ನಿಂದ ಫೋನ್ ಬಂತು.

ಜಯದೇವಿ ಚಹಾಕ್ಕೆ ಕರೆಯಲು ಬಂದವಳು, ಸ್ವೆಟರಿನ ಮೇಲೆ ಶಾಲು ಹೊದ್ದು ಗ್ಯಾರೇಜಿನ ಬಾಗಿಲಲ್ಲೇ ನಿಂತು ಉದುರಿದ ಚಕ್ಕೆ ನೋಡಿದಳು.

"ಒಮ್ಮೆಲೆ ಅಷ್ಟ ಮೆತ್ತಿದ್ರ ಹಿಡಿತೈತೇನ್ರಿ? ಕುಸುರೆಳ್ಳ ಹಂಗ ಆಗ್ತಾವೇನು? ಕೈ ತೊಳಕೊಂಡ ಒಳಗ ಬರ್ರಿ."

ಅವನು ಮೊಣಕೈತನಕ ತೊಳೆದು ಒಳಗೆ ಹೋದ. ಸಣ್ಣ ಉರಿಯ ಮೇಲೆ ಅಗಲ ಪರಾತದಲ್ಲಿ ಹಬ್ಬದ ಕುಸುರೆಳ್ಳಿಗೆಂದು ಇಟ್ಟ ಎಳ್ಳು. ಜಯದೇವಿ ಒಂದೇ ಚಮಚೆ ತೆಳು ಸಕ್ಕರೆ ಪಾಕ ಬಿಟ್ಟು, ಬೆರಳಿನಿಂದ ಮೆಲ್ಲಗೆ ಆಡಿಸಿದಳು. ಒಣಗುವ ತನಕ ಇನ್ನೊಂದು ಹನಿ ಹಾಕಲಿಲ್ಲ. ಒಣಗಿದ ಮೇಲೆ ಇನ್ನೊಂದು ಚಮಚೆ, ಮತ್ತೆ ಆಡಿಸುವುದು, ಮತ್ತೆ ಕಾಯುವುದು. ಪಂಚಾಕ್ಷರಿ ಹುಟ್ಟಿದಾಗಿನಿಂದ ಕುಸುರೆಳ್ಳು ತಿಂದವನು, ಮಾಡುವುದನ್ನು ನಿಂತು ನೋಡಿದ್ದು ಅವತ್ತೇ.

"ಅವಸರ ಮಾಡಿದ್ರ ಎಳ್ಳ ಬೇರೆ ಸಕ್ಕರಿ ಬೇರೆ ಆಗ್ತಾವು," ಎಂದಳು.

ಅವನು ಚಹಾ ಕುಡಿಯದೆ ಗ್ಯಾರೇಜಿಗೆ ಓಡಿದ. ಚಿಟಿಕೆ ಪುಡಿ ಹಾಕಿ ಅಲ್ಲಾಡಿಸಿದ, ಒಳಗಿನ ಬೂದು ಕಾಣುವಷ್ಟು ತೆಳು. ಬೇಯಿಸಿ, ಪೂರಾ ಆರುವ ತನಕ ಕೈಕಟ್ಟಿ ನಿಂತ. ಮತ್ತೆ ತೆಳುವಾಗಿ ಇನ್ನೊಂದು ಹೊದಿಕೆ. ಈ ಸಲ ಉಂಗುರದಲ್ಲಿ ಒತ್ತಿದರೆ ಒಂದು ಚಕ್ಕೆಯೂ ಏಳಲಿಲ್ಲ. "ಜಯಾ, ಹಿಡೀತ ನೋಡ!" ಎಂದು ಓಣಿಗೇ ಕೇಳುವಂತೆ ಕೂಗಿದ.

ಸಂಕ್ರಾಂತಿ ಕಳೆದ ಶನಿವಾರ, ನೀರು ಹೆಪ್ಪುಗಟ್ಟುವ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಸುತ್ತೆಲ್ಲ ಹಿಮ. ರೇಂಜಿನ ಮಾಡಿನ ಕೆಳಗೆ ಹೀಟರ್ ಬುಸುಗುಡುತ್ತಿತ್ತು. ಹೆರಾಲ್ಡ್ ಬಂದದ್ದು ಬಂದೂಕು ಒಯ್ಯಲಿಕ್ಕೆ. ಕೆಂಪು ಗುಂಡುಗಳನ್ನು ನೋಡಿ ನಕ್ಕ.

"ಇದೇನು, ಲಿಪ್‌ಸ್ಟಿಕ್ಕೇ?"

"ಹೊಡಿ, ಆಮೇಲೆ ನಗು," ಎಂದ ಪಂಚಾಕ್ಷರಿ.

ಮೊದಲ ಐದು ಗುಂಡು ಒಂದು ಚಹಾ ಬಟ್ಟಲಿನಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ಹೆರಾಲ್ಡ್ ತಲೆ ಕೊಡವಿದ. "ಮೊದಲಿನವು ಯಾವಾಗಲೂ ಹೀಗೆಯೇ. ಕೆಡುವುದು ಆಮೇಲೆ."

"ಹಾಗಾದರೆ ಆಮೇಲಿನದ್ದನ್ನೂ ಹೊಡಿ."

ಹೊಡೆದ. ಇನ್ನಷ್ಟು ಹೊಡೆದ. ಪಂಚಾಕ್ಷರಿ ದೂರದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ, ಬಾಯಲ್ಲಿ ಶಿವಶಿವಾ. ಪೆಟ್ಟಿಗೆ ಅರ್ಧ ಖಾಲಿಯಾಯಿತು. ಗುರಿಯ ಕಾಗದದ ಮೇಲೆ ಕೊನೆಯ ತೂತೂ ಮೊದಲಿನವುಗಳ ನಡುವೆಯೇ ಇತ್ತು. ಪಂಚಾಕ್ಷರಿ ಬಂದೂಕು ಖಾಲಿ ಮಾಡಿಸಿ, ಬಿಳಿ ಬಟ್ಟೆಯಿಂದ ನಳಿಗೆಯ ತುದಿ ಒರೆಸಿ ಬಟ್ಟೆಯನ್ನು ಹೆರಾಲ್ಡ್‌ನ ಕಣ್ಣಿನ ಹತ್ತಿರ ಹಿಡಿದ. ಬಟ್ಟೆಗೆ ಮಸಿ ಹತ್ತಿತ್ತು, ಸೀಸದ ಹೊಳಪಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದ: ತೂತು, ಸೀಸ, ಚೂಡಾ, ಎಳ್ಳು.

ಹೆರಾಲ್ಡ್ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಹಾಗಾದರೆ ಕೈಯದ್ದಲ್ಲ."

"ಕೈಯದ್ದಲ್ಲ."

ಮುದುಕ ಎದ್ದು ಕ್ಲಬ್ಬಿನ ಒಳಗೆ ಹೋದ. ಕಣ್ಣೊರೆಸಿಕೊಳ್ಳಲು ಹೋದನೆಂದುಕೊಂಡ ಪಂಚಾಕ್ಷರಿ. ಅದೂ ಇರಬಹುದು. ಹೊರಗೆ ಬಂದಾಗ ಅವನ ಕೈಯಲ್ಲಿ ಬೋರ್ಡಿನ ಕಾರ್ಡಿತ್ತು. ಎಲ್ಲರೂ ಬಂದೂಕು ಕೆಳಗಿಟ್ಟ ಮೇಲೆ, ಹಿಮ ತುಳಿಯುತ್ತ ಹೋಗಿ ಆ ಕಾರ್ಡನ್ನು ಗುರಿಹಲಗೆಯ ನಟ್ಟನಡುವೆ ಪಿನ್ ಚುಚ್ಚಿ ಸಿಕ್ಕಿಸಿ ಬಂದ. ಕೂತ. ಒಂದೇ ಗುಂಡು. ಅವನ ಫೋನ್ ನಂಬರಿದ್ದ ಜಾಗದಲ್ಲಿ ತೂತು ಬಿತ್ತು.

"ಮಂಗಳವಾರ ಬರುವವನಿಗೆ ಏನು ಹೇಳ್ತೀಯ?"

"ಹಿಮ ಬೀಳುತ್ತಿದೆ, ದಾರಿ ಸರಿಯಿಲ್ಲ ಅಂತ. ಮೇ ತಿಂಗಳವರೆಗೂ ಅದನ್ನೇ ಹೇಳ್ತೀನಿ," ಎಂದು ಹೆರಾಲ್ಡ್ ನಕ್ಕು, ಜಯದೇವಿ ಕಳಿಸಿದ್ದ ಕುಸುರೆಳ್ಳಿನ ಪೊಟ್ಟಣಕ್ಕೆ ಕೈ ಚಾಚಿದ.

ಪಂಚಾಕ್ಷರಿ ಅವನ ಮಣಿಕಟ್ಟು ಹಿಡಿದುಕೊಂಡ. ಇಬ್ಬರೂ ಕ್ಲಬ್ಬಿನೊಳಗಿನ ನಲ್ಲಿಯ ಹತ್ತಿರ ಹೋಗಿ, ಕೊರೆಯುವ ನೀರಿನಲ್ಲಿ ಸೋಪು ಹಚ್ಚಿ ಮೊಣಕೈತನಕ ತೊಳೆದುಕೊಂಡು ಬಂದು, ಆಮೇಲೆ ಪೊಟ್ಟಣ ಬಿಚ್ಚಿದರು.