ಗಡ್ಡಾಸುರನ ಸಾರಥಿ

ಇಳಕಲ್ಲಿನ ಅಂದಪ್ಪ ಮಗ್ಗದಲ್ಲಿ ಕೂತರೆ ನೇಕಾರ, ರಂಗ ಹತ್ತಿದರೆ ಸಾರಥಿ. ದೊಡ್ಡಾಟ ಕಂಡವರಿಗೆ ಸಾರಥಿ ಯಾರೆಂದು ಹೇಳಬೇಕಿಲ್ಲ, ಕಾಣದವರಿಗಾಗಿ ಹೇಳುತ್ತೇನೆ. ರಂಗಕ್ಕೆ ಇಂದ್ರನೇ ಬರಲಿ, ಇಲಿಯೇ ಬರಲಿ, ಸಾರಥಿ ಅಡ್ಡ ನಿಂತು, "ಬಂದಂಥವರು ತಾವು ದಾರು? ತಮ್ಮ ನಾಮಾಂಕಿತವೇನು?" ಎಂದು ಕೇಳಬೇಕು. ಅವನು ಕೇಳದ ಹೊರತು ದೇವರಿಗೂ ಹೆಸರಿಲ್ಲ. ಆ ಗತ್ತಿನಲ್ಲಿ ಅಂದಪ್ಪನನ್ನು ಮೀರಿಸಿದವರು ಹುನಗುಂದ ಸೀಮೆಯಲ್ಲೇ ಇರಲಿಲ್ಲ. ಬಾಗಿಲಿಗೆ ಬಂದ ಮೊಸರಿನವಳನ್ನೂ ಹಾಗೆಯೇ ವಿಚಾರಿಸುತ್ತಿದ್ದ. "ಹೆಸರು ಕೇಳಿದ್ದು ಸಾಕು, ಬೋಗುಣಿ ಒಯ್ಯರಿ" ಎಂದು ಹೆಂಡತಿ ಸಕ್ರವ್ವ ಒಳಗಿನಿಂದ ಗದರುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಖಾದರಬಾಷಾನ ಟೆಂಟ್ ಸಿನಿಮಾ ಊರನ್ನೆಲ್ಲ ತನ್ನೊಳಗೆ ಎಳೆದುಕೊಂಡಿತ್ತು. ಹಂದರ ಹಾಕಿಸಿ ಆಟ ಆಡಿಸುವವರಿಲ್ಲದೆ ಕಿರೀಟ, ಭುಜಕೀರ್ತಿಗಳೆಲ್ಲ ಗಂಟಾಗಿ ಹೊಳಬಸಪ್ಪನ ಅಟ್ಟ ಸೇರಿದ್ದವು. ಈ ಹೊಳಬಸಪ್ಪ ನಮ್ಮ ಆಟದ ಖಾಯಂ ರಾಕ್ಷಸ. ರಂಗ ಇಳಿದರೆ ನೊಣ ಹೊಡೆಯುವವನಲ್ಲ.

ಅಂಥದೊಂದು ಬೇಸಿಗೆಯಲ್ಲಿ ಬಾಗಲಕೋಟೆಯ ಶಂಕ್ರಪ್ಪ ಮಾಸ್ತರರು ಖಾದರಬಾಷಾನ ಟೆಂಟಿನ ಮುಂದೆ ಉದ್ದನೆಯ ಬಟ್ಟೆ ಕಟ್ಟಿಸಿದರು: 'ಅಂತರರಾಷ್ಟ್ರೀಯ ಪುರಾಣ ಮತ್ತು ಅದ್ಭುತ ಚಿತ್ರೋತ್ಸವ'. ಮಾಸ್ತರರಿಗೆ ಸಿನಿಮಾ ಹುಚ್ಚು. ನಾಲ್ಕು ದೇಶದ ದೇವರು ದೆವ್ವಗಳನ್ನು ಡಬ್ಬಿಯಲ್ಲಿ ತುಂಬಿ ತಂದಿದ್ದರು. ಇಲ್ಲಿ ಮುಗಿಸಿಕೊಂಡು ಬದಾಮಿಗೆ ಒಯ್ಯುವ ಯೋಚನೆ.

"ಅಂತರರಾಷ್ಟ್ರೀಯ ಅಂದ್ರೇನ್ರಿ ಮಾಸ್ತರ?" ಎಂದ ಅಂದಪ್ಪ.

"ಬ್ಯಾರೆ ಬ್ಯಾರೆ ದೇಶದ್ದಪಾ."

"ಹಂಗಾರ ಅಂತರ ಭಾಳ ಐತಿ ಅನ್ರಿ. ಧ್ವನಿ ಜೋರು ಮಾಡಬೇಕಾಕ್ಕೈತಿ!"

ಮೊದಲ ಸಂಜೆ ರಶಿಯಾದ ಚಿತ್ರ. ಪುರಾಣ ಎಂದ ಮೇಲೆ ಕೇಳಬೇಕೆ? ಟೆಂಟು ಕಿಕ್ಕಿರಿದಿತ್ತು. ಸಕ್ರವ್ವ ಊದುಬತ್ತಿ ಹಿಡಿದು ಹೆಂಗಸರ ಕಡೆ ಕೂತಿದ್ದಳು. ಆದರೆ ಕತೆ ತಿಳಿಸುವ ಹಾಳೆ ಡಬ್ಬಿಯ ಜೊತೆ ಬಂದಿರಲಿಲ್ಲ; ಮಾಸ್ತರರಿಗೂ ಚಿತ್ರ ಹೊಸದು. ಪರದೆಯ ಮೇಲೆ ಹಿಮ, ಕುದುರೆ, ತುಪ್ಪಳದ ಟೊಪ್ಪಿಗೆ. ಮಾತು ಒಂದಕ್ಷರ ತಿಳಿಯದು. ಯಾರು ದೇವರು, ಯಾರಿಗೆ ಕೈಮುಗಿಯಬೇಕು? ಜನ ಧೋತರ ಕೊಡವಿಕೊಂಡು ಏಳತೊಡಗಿದರು. ಖಾದರಬಾಷಾ ಬಾಗಿಲಲ್ಲಿ ಎರಡೂ ಕೈ ಚಾಚಿ, ಕೋಳಿ ಅಟ್ಟಿದಂತೆ ಅವರನ್ನು ಒಳಗೆ ಅಟ್ಟುತ್ತಿದ್ದ.

ಅಷ್ಟರಲ್ಲಿ ಕರಿ ಕುದುರೆ ಏರಿ, ಎದೆತನಕ ಗಡ್ಡ ಬಿಟ್ಟ ದಾಂಡಿಗನೊಬ್ಬ ಪರದೆಗೆ ಬಂದ. ಅಂದಪ್ಪನ ಮೈಯಲ್ಲಿದ್ದ ಹಳೆಯ ಚಾಳಿ ಎದ್ದಿತು. ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಬಿಗಿದು, ಪರದೆಯ ಪಕ್ಕಕ್ಕೆ ಹೋಗಿ ಗುಡುಗಿದ:

"ಎಲೈ ವೀರನೇ, ಬಂದಂಥವರು ತಾವು ದಾರು?"

ಸರಿಯಾಗಿ ಅದೇ ಹೊತ್ತಿಗೆ ಗಡ್ಡದವನು ಬಾಯಿ ತೆರೆದ. ಅಂದಪ್ಪ ದನಿ ದಪ್ಪ ಮಾಡಿ ಆ ಬಾಯಿಗೆ ಮಾತು ತುಂಬಿದ: "ಭಲಾ ಸಾರಥಿ! ರಶಿಯಾ ಪಟ್ಟಣದ ಗಡ್ಡಾಸುರನೆಂದರೆ ನಾನೇ ನೋಡು!"

ಟೆಂಟು ನಕ್ಕ ನಗೆಗೆ ಗೂಟಗಳು ಅಲುಗಿದವು. ಎದ್ದವರು ಕೂತರು. ಮುಂದೆ ಬಿಳಿ ಕುದುರೆಯ ಚೆಲುವನೊಬ್ಬ ಬಂದಾಗ ಅಂದಪ್ಪ ಅವನನ್ನು ಚಂದ್ರಸೇನ ಮಹಾರಾಜ ಮಾಡಿದ. ಸಕ್ರವ್ವ ಆ ಮಹಾರಾಜನಿಗೆ ಊದುಬತ್ತಿ ಹಚ್ಚಿದಳು.

ಇಂಟರ್‌ವೆಲ್ಲಿನಲ್ಲಿ ಖಾದರಬಾಷಾ ಸೋಡಾ ಹಿಡಿದು ಓಡಿಬಂದ. "ಅಂದಪ್ಪಾ, ನಾಕೂ ದಿನ ನಿಂದ್ರೋ. ಏನ್ ಬೇಕು ಕೇಳು."

"ಅಮಾಸಿಗೆ ನಿನ್ನ ಟೆಂಟು ನಮ್ಮ ಆಟಕ್ಕ ಕೊಡು."

"ಅಮಾಸಿಗೆ ಮಗ್ಗ ಬಂದ್ ಇರತಾವು, ನನ್ನ ಟೆಂಟ್ ತುಂಬೂ ದಿನಾನ ಅದು! ನೀ ಬರೇ ಸಾರಥಿ ಅಲ್ಲಲೇ, ದರೋಡೆಕೋರ." ಖಾದರಬಾಷಾ ಗಡ್ಡ ಕೆರೆದುಕೊಂಡ. "ಆತು. ಇವತ್ತು ಜನಾ ಕಡೀತನಕ ಕುಂತ್ರ ಕೊಟ್ಟೆ. ಎದ್ರೋ, ಇಲ್ಲ."

ಮತ್ತೆ ಚಿತ್ರ ಶುರುವಾಗಿ ಸ್ವಲ್ಪವೇ ಹೊತ್ತು. ಚಂದ್ರಸೇನ ಮಹಾರಾಜ ಬಾರುಕೋಲು ತೆಗೆದುಕೊಂಡು ಒಬ್ಬ ಮುದುಕಿಯನ್ನು ಬಡಿಯತೊಡಗಿದ. ಗಡ್ಡಾಸುರ ಓಡಿಬಂದು ಕೋಲು ಕಸಿದು, ಮುದುಕಿಯ ಕಾಲಿಗೆ ಬಿದ್ದು ಹೋ ಎಂದು ಅತ್ತ.

"ಲೇ ಅಂದಪ್ಪಾ, ನಿನ್ನ ಮಹಾರಾಜಾ ಮುದುಕೀನ ಬಡ್ಯಾಕತ್ತಾನಲೋ!"

"ಸುಳ್ಳ ಸಾರಥಿ! ನಡೀರ್ಯೋ ಮನಿಗೆ!"

ಹಿಂದಿನ ಸಾಲು ಎದ್ದು ನಿಂತಿತು. ಅಂದಪ್ಪ ಪರದೆಯತ್ತ ಒಮ್ಮೆ, ಬಾಗಿಲತ್ತ ಒಮ್ಮೆ ನೋಡಿದ. ಸುಳ್ಳ ಸಾರಥಿ ಎನ್ನಿಸಿಕೊಂಡದ್ದು ಅವನ ಜೀವಮಾನದಲ್ಲೇ ಮೊದಲು. ಅಮಾವಾಸ್ಯೆಯ ಆಟ ಕಣ್ಣೆದುರೇ ಬಾಗಿಲು ದಾಟಿ ಹೋಗುತ್ತಿತ್ತು.

ಆಗ ಹೆಂಗಸರ ಕಡೆಯಿಂದ ಸಕ್ರವ್ವನ ದನಿ ಬಂತು: "ಮನ್ಯಾಗ ಕೇಳಿದ್ರ ಸಾವಿರ ನೆವ ಹೇಳತೀರಿ, ಈಗ ಒಂದರೆ ಹೇಳ್ರಿ!"

ಬಾಯಿದ್ದವನು ಬರದಲ್ಲೂ ಬದುಕಿದ ಎನ್ನುತ್ತಾರೆ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಕೈ ಅಂದಪ್ಪನದು. ಬಾಯಿಗೂ ಅದೇ ಕಸುಬು ಬಂತು.

"ತಡೀರಿ ಮಹಾಜನಗಳೇ! ಇಂವ ಹುಟ್ಟು ಅಸುರ ಅಲ್ಲ, ಗಂಧರ್ವ! ಒಬ್ಬ ಋಷಿಯ ಗಡ್ಡ ನೋಡಿ ನಕ್ಕಿದ್ದಕ್ಕ, 'ನಿನಗೂ ಗಡ್ಡ ಬರಲಿ, ಕಂಡವರೆಲ್ಲಾ ಅಸುರ ಅನ್ನಲಿ' ಅಂತ ಶಾಪ ಹತ್ತಿತ್ತು. ಇವತ್ತ ತಾಯಿ ಕಾಲಿಗೆ ಬಿದ್ದ, ಶಾಪ ವಿಮೋಚನೆ ಆತು! ನಾ ಅಸುರ ಅಂದೆನಲಾ, ಅದೂ ಆ ಶಾಪದ ಪ್ರಭಾವನ!"

"ಮತ್ತ ನಿನ್ನ ಮಹಾರಾಜಾ?"

"ಅವಂಗೂ ಗಡ್ಡ ಐತಿ, ಹೊಟ್ಟ್ಯಾಗ!"

ಶಿಳ್ಳೆಯೋ ಶಿಳ್ಳೆ. ಸಕ್ರವ್ವ ಊದುಬತ್ತಿಯನ್ನು ಗಡ್ಡಾಸುರನ ಕಡೆ ತಿರುಗಿಸಿದಳು. ಶಂಕ್ರಪ್ಪ ಮಾಸ್ತರರು ನಕ್ಕು ನಕ್ಕು ಚಾಳೀಸಿನ ಗಾಜು ಒರೆಸಿಕೊಂಡರು. ಕಡೆಯ ದೃಶ್ಯ ಮಾಯವಾಗಿ ಬರಿ ಬಿಳಿ ಪರದೆ ಉಳಿದರೂ ಜನ ಏಳಲಿಲ್ಲ.

ಮಾತು ಕೊಟ್ಟಂತೆ ಅಮಾವಾಸ್ಯೆಗೆ ಟೆಂಟು ಸಿಕ್ಕಿತು. ಕಿರೀಟಗಳು ಅಟ್ಟದಿಂದ ಇಳಿದವು. ಆಟ ರಂಗೇರಿ, ಮೂಡಣ ಕೆಂಪಾಗುವ ಹೊತ್ತಿಗೆ ಹೊಳಬಸಪ್ಪನ ರಾಕ್ಷಸ ಬಾಣ ತಾಗಿ ಧೊಪ್ಪನೆ ಬಿದ್ದ.

"ಶಾಪ ವಿಮೋಚನೆ ಆಗಲಿ!" ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು. ಅದು ಸಕ್ರವ್ವನ ದನಿಯೇ. ಟೆಂಟಿಗೆ ಟೆಂಟೇ ದನಿಗೂಡಿಸಿತು.

ಹೊಳಬಸಪ್ಪ ಆ ಚಿತ್ರದ ಸಂಜೆ ಪರಸ್ಥಳಕ್ಕೆ ಹೋಗಿದ್ದವನು, ರಶಿಯಾದ ಕತೆ ಅವನಿಗೆ ತಿಳಿಯದು. ಸತ್ತಲ್ಲಿಂದಲೇ ಒಂದು ಕಣ್ಣು ತೆರೆದ. "ಲೇ ಅಂದಪ್ಪಾ, ಏಳಲ್ಯೋ, ಸಾಯಲ್ಯೋ?"

"ಏಳೋ ಏಳು, ಜನಾ ಕೇಳಾಕತ್ತೈತಿ."

ರಾಕ್ಷಸ ಮೈ ಕೊಡವಿಕೊಂಡು ಎದ್ದ. ಅಂದಪ್ಪ ವಸ್ತ್ರ ಬಿಗಿದು ಎದುರು ನಿಂತ. "ಬಂದಂಥವರು ತಾವು ದಾರು? ತಮ್ಮ ನಾಮಾಂಕಿತವೇನು?"

ಸತ್ತು ಎದ್ದವನಿಗೆ ಪಾಠದಲ್ಲಿ ಮಾತೇ ಇರಲಿಲ್ಲ. ಹೊಳಬಸಪ್ಪ ಕೈಮುಗಿದು, "ನಾ ಪ್ಯಾಟಿ ಓಣಿ ಹೊಳಬಸಪ್ಪ ರೀ" ಎಂದ.

ಮುಂದಿನ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದ ಖಾದರಬಾಷಾ ಕಣ್ಣೊರೆಸಿಕೊಳ್ಳುತ್ತ ಕೂಗಿದ: "ಬರೂ ಅಮಾಸಿಗೂ ಇವನ್ನ ಕೊಲ್ಲರ್ಯೋ! ಟೆಂಟ್ ನಂದು!"