ಹಗೇವಿನ ಜೋಳ ಹೇಳಿದ ಸುಳ್ಳು

ಕಳೆದ ವಾರ ನಮ್ಮ ಫ್ರಿಜ್ ತೆಗೆದೆ. ಮೊಸರಿನ ಪಾತ್ರೆಯ ಪಕ್ಕ ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು. ಏನೇ ಇದು ಎಂದು ಮೊಮ್ಮಗಳನ್ನು ಕೇಳಿದರೆ, ನನ್ನ ಮೂತ್ರ ಅಂದಳು. ಇಡೀ ದಿನದ್ದನ್ನು ಕೂಡಿಸಿ, ತಣ್ಣಗಿಟ್ಟು ಲ್ಯಾಬಿಗೆ ಕೊಡಬೇಕಂತೆ.

(ಅವತ್ತು ನಾನು ಮೊಸರು ಮುಟ್ಟಲಿಲ್ಲ. ನಿಮಗೇಕೆ ಸುಳ್ಳು ಹೇಳಲಿ?)

ನನ್ನ ಮುಖ ನೋಡಿ ಮೊಮ್ಮಗಳು ಕೂತು ಬಿಡಿಸಿ ಹೇಳಿದಳು. ಮೈಯಲ್ಲಿ ಸ್ಟೀರಾಯ್ಡ್ ಹಾರ್ಮೋನು ಅಂತ ಇರುತ್ತವೆ. ಹೆಂಗಸಿನ ಮುಟ್ಟು, ಬಸಿರು, ಗಂಡಸಿನ ಮೀಸೆ, ಎಲ್ಲದರಲ್ಲೂ ಅವುಗಳ ಕಾರಭಾರ ಉಂಟು. ಜಾತಿಯಲ್ಲಿ ಎಣ್ಣೆಯಂಥವು, ನೀರಿಗೆ ಬೆರೆಯವು. ಹಾಗಾಗಿ ಕೆಲಸ ಮುಗಿದ ಮೇಲೆ ಲಿವರ್ ಅವುಗಳ ರೂಪ ಕೆಡಿಸಿ, ಸಕ್ಕರೆಯಂಥದ್ದೊಂದನ್ನು ಅಂಟಿಸಿ, ನೀರಲ್ಲಿ ಕರಗುವ ಹಾಗೆ ಮಾಡುತ್ತದೆ. ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಲ್ಯಾಬಿನವರು ಅಳೆಯುವುದು ಅದನ್ನೇ. ಬಸುರಿಯರಲ್ಲಂತೂ ರಾಶಿಗಟ್ಟಲೆ ಹೋಗುತ್ತದಂತೆ. ಒಳಗಿನ ಸುದ್ದಿ ಹೊರಗೆ ಬೀಳುವುದು ಹೀಗೆ.

ಅದಕ್ಕೆ ಲ್ಯಾಬು ಯಾಕೆ ಬೇಕು? ನಮ್ಮತ್ತೆಗೆ ಒಂದು ಹಿಡಿ ಜೋಳ ಸಾಕಾಗಿತ್ತು.

ನಾನು ಖಜೂರಿಯ ಮಗಳು, ಅಂದೋಲಾದ ಸೊಸೆ. ನಲವತ್ತರ ದಶಕ, ನಿಜಾಮರ ಆಳಿಕೆ. ನಸುಕಿಗೇ ಅತ್ತೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರ ಆಗುತ್ತಿತ್ತು. ಬೈದರೆ ಊರಿಗೆಲ್ಲ ಕೇಳಿಸುವ ಗಂಟಲು. ಬೈದು ಮುಗಿಸಿ ಮೊದಲ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುವುದು ಮಾತ್ರ ನನಗೇ. ಈಗಲೂ ಬಿಸಿ ರೊಟ್ಟಿಯ ವಾಸನೆಗೆ ಆ ಹೊಗೆ ತುಂಬಿದ ಅಡುಗೆಮನೆ ನೆನಪಾಗುತ್ತದೆ.

ಆದರೆ ಮದುವೆಯಾಗಿ ವರ್ಷಗಳಾದರೂ ನನಗೆ ಮಕ್ಕಳಿಲ್ಲ. ಮಾವ ಅಫಜಲಪುರದ ಕಡೆ ಮಗನಿಗೆ ಇನ್ನೊಂದು ಹೆಣ್ಣು ನೋಡಿ ಬಂದರು. ಮಾತು ಕೊಡುವುದೊಂದೇ ಬಾಕಿ. ಅಷ್ಟರಲ್ಲಿ ನನ್ನ ಮುಟ್ಟು ನಿಂತಿತು.

ನಂಬುವವರು ಯಾರು? ಸವತಿ ಬರುತ್ತಾಳೆಂದು ಆಟ ಹೂಡಿದ್ದಾಳೆ ಅಂದರು ಮಾವ. ಕಾಳಿಗೆ ಹಾಕಿ ನೋಡೋಣ ಅಂದರು ಅತ್ತೆ. ಅದು ಆ ಮನೆಯ ಪದ್ಧತಿ. ಹೆಂಗಸಿನ ಮೂತ್ರಕ್ಕೆ ನೀರು ಬೆರೆಸಿ ಜೋಳದ ಮೇಲೆ ಚಿಮುಕಿಸುವುದು. ಮೊಳೆತರೆ ಬಸುರಿ. ಇಲ್ಲದಿದ್ದರೆ ಇಲ್ಲ.

ದನ ಕಟ್ಟುವ ಕಡೆ, ಒಡೆದ ಗಡಿಗೆಯ ತುಂಡಿನಲ್ಲಿ ನನ್ನ ಹಣೆಬರಹ ಕೂತಿತು. ಬೆಳಿಗ್ಗೆ ಎದ್ದವಳೇ ಓಡಿಹೋಗಿ ನೋಡುತ್ತಿದ್ದೆ. ಕಾಳು ಉಬ್ಬಿದವು, ಮೆತ್ತಗಾದವು, ಮೊಳಕೆ ಮಾತ್ರ ಇಲ್ಲ. ಮಾವ ಅಫಜಲಪುರಕ್ಕೆ ಗಾಡಿ ಹೂಡಲು ಹೇಳಿದರು.

ಅಳುತ್ತಾ ಅಲ್ಲೇ ಕೂತವಳು ಕಾಳು ಹಿಚುಕಿ ಮೂಸಿದೆ. ಮುಗ್ಗಲು ವಾಸನೆ, ಒಳಗೆಲ್ಲ ಕಪ್ಪು. ಹಗೇವಿನ ತಳದ ಜೋಳ! (ಹಗೇವು ಅಂದರೆ ನೆಲದೊಳಗೆ ತೋಡಿದ ಕಣಜ. ಅಲ್ಲಿ ಕಾವಿಗೆ ಬೆಂದ ಕಾಳು ದನಕ್ಕಾದೀತು, ಬಿತ್ತಲು ಆಗದು. ಅದಕ್ಕೇ ಬೀಜದ ಜೋಳವನ್ನು ಬೂದಿ, ಬೇವಿನೆಲೆ ಬೆರೆಸಿ ಬೇರೆ ಇಡುವುದು.) ಇದು ಅತ್ತೆಗೆ ಗೊತ್ತಿರಲಿಲ್ಲವೆ? ಒಳಗೆ ಹೋಗಿ ಕೇಳಿಯೇಬಿಟ್ಟೆ.

“ಬೀಜ ಅಂದ್ರ ಲಕ್ಷ್ಮಿ ಬೇ. ಅದರ ಮ್ಯಾಲ ಉಚ್ಚಿ ಹಾಕ್ತಾರೇನು?” ಅಂದರು ಅತ್ತೆ. “ಮೊದಲಿಂದಾನೂ ಹಗೇವಿಂದೇ ಹಾಕ್ತಾರ.”

ನನಗೆ ಎಲ್ಲಿಂದ ಧೈರ್ಯ ಬಂತೋ. “ಹಂಗಾದ್ರ ಅದೇ ಜ್ವಾಳಕ್ಕ ಬಾವಿ ನೀರು ಹಾಕಿ ನೋಡ್ರಿ ಅತ್ತಿ. ಮೊಳಕಿ ಬರಲಿಲ್ಲ ಅಂದ್ರ ಬಾವೀನೂ ಬಂಜಿ ಅಂತೀರೇನು?”

ಬೈಗುಳಕ್ಕೆ ತಯಾರಾಗಿ ನಿಂತೆ. ಆದರೆ ಅತ್ತೆ ಹೊರಗೆ ಹೋಗಿ ಗಾಡಿ ನಿಲ್ಲಿಸಿದರು. ಇನ್ನೊಂದು ಗಡಿಗೆ ತುಂಡಿನಲ್ಲಿ ಅದೇ ಜೋಳ ಹಾಕಿ, ತಾವೇ ಬಾವಿಯಿಂದ ನೀರು ತಂದು ಚಿಮುಕಿಸಿದರು. ದಿನಗಳು ಕಳೆದವು. ಒಂದು ಕಾಳೂ ಮೊಳೆಯಲಿಲ್ಲ. ಆ ತುಂಡನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಒಂದೊಂದೇ ಕಾಳು ಹಿಚುಕಿ ನೋಡಿದರು. ಆಮೇಲೆ ಮೆಲ್ಲಗೆ ಅಂದರು:

“ನನ್ನ ಪಾಳಿಗೂ ಹಗೇವಿನ ಜ್ವಾಳಾನೇ ಹಾಕಿದ್ರು ಬೇ.”

ಆ ಮನೆಯಲ್ಲಿ ಒಬ್ಬ ಸಣ್ಣತ್ತೆ ಇದ್ದರು, ಮಾವನ ಎರಡನೆಯ ಹೆಂಡತಿ. ಮಗನಿದ್ದ ಮನೆಗೆ ಅವರು ಯಾಕೆ ಬಂದರೋ, ನನಗೆ ತಿಳಿದಿರಲಿಲ್ಲ. ಅವತ್ತು ತಿಳಿಯಿತು. ಸಣ್ಣತ್ತೆ ಹೊಸ್ತಿಲು ದಾಟಿ ಒಳಗೆ ಬಂದ ದಿನ ನನ್ನ ಗಂಡ ಅತ್ತೆಯ ಹೊಟ್ಟೆಯಲ್ಲಿದ್ದರು.

ಅಫಜಲಪುರಕ್ಕೆ ಗಾಡಿ ಹೋಗಲಿಲ್ಲ. ಅತ್ತೆ ಹೋಗಗೊಡಲಿಲ್ಲ. ಸುಗ್ಗಿಗೆ ಮುಂಚೆ ನನಗೆ ಮಗಳು ಹುಟ್ಟಿದಳು.

ಬೀಜದ ಜೋಳ ಹಾಕಿದ್ದರೆ ಮೊಳೆಯುತ್ತಿತ್ತೇ ಎಂದು ಮೊಮ್ಮಗಳನ್ನು ಕೇಳಿದೆ. ಅದನ್ನೂ ಪೂರ್ತಿ ನಂಬಬ್ಯಾಡ ಆಯಿ ಅಂದಳು. ಇರಲಿ. ನಾನು ಕೇಳುವುದು ಬೇರೆ.

ಬೀಜದ ಕಾಳಿಗೆ ಮೈಲಿಗೆ ಆಗಬಾರದೆಂದು ನಮ್ಮ ಕಡೆ ಎಷ್ಟು ಬಸುರಿಯರ ಮೇಲೆ ಸವತಿಯರು ಬಂದರೋ?